ಡಿಕ್ಕಿಯೊಳಗಿನ ನಾನೂರ ಹದಿನೇಳು

ಬಿಸಿನೀರಿಗೆ ಅಡುಗೆ ಸೋಡಾ ಕದಡಿ, ಹಳೇ ಟೂತ್‌ಬ್ರಷ್ಷನ್ನು ಅದರಲ್ಲಿ ಅದ್ದಿ, ಬ್ಯಾಟರಿಯ ತಲೆಯ ಮೇಲೆ ಹೂಕೋಸಿನಂತೆ ಅರಳಿದ್ದ ಕಿಲುಬನ್ನು ಅತ್ತಿಗೆಯ ಅಂಗಡಿಯಲ್ಲಿ ಕೂತು ನಾದಿನಿ ಉಜ್ಜುತ್ತಿದ್ದಳು. ಸೋಡಾ ಬುಸ್ಸೆಂದು ನೊರೆ ಎಬ್ಬಿಸಿತು. ಅವಳ ಒಂದು ಕಣ್ಣು ಕಿಲುಬಿನ ಮೇಲಿದ್ದರೆ ಇನ್ನೊಂದು ಗೋಡೆ ಗಡಿಯಾರದ ಮೇಲೆ. ಎರಡು ಗಂಟೆ ಹತ್ತು ನಿಮಿಷ. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡುವ ಕಿಟಕಿ ನಾಲ್ಕಕ್ಕೆ ಮುಚ್ಚುತ್ತದೆ.

ಮೇಜಿನ ಡ್ರಾಯರಿನಲ್ಲಿ ಒಂದು ಕಾಗದ ಮಲಗಿತ್ತು. ಇಪ್ಪತ್ತೊಂದು ದಿನದಿಂದ ಮಲಗಿಯೇ ಇತ್ತು.

ನೀರಿನ ಪರೀಕ್ಷಾಲಯದಲ್ಲಿ ಡ್ರೈವರ್ ಆಗಿರುವ ಅವಳ ಗಂಡನ ಮೇಲಿನ ಆರೋಪಕ್ಕೆ ಕೊಡಬೇಕಾದ ಉತ್ತರ ಅದು. ಇವತ್ತು ಅಂಚೆಗೆ ಬೀಳದಿದ್ದರೆ ಹನ್ನೆರಡು ವರ್ಷದ ನೌಕರಿ ಕೈ ಬಿಟ್ಟಿತು ಅಂತಲೇ ಅರ್ಥ.

"ಅತ್ತಿಗೆ, ಇವತ್ತೇ ಕಡೇ ದಿನ."

"ಗೊತ್ತು ಕಣೇ."

"ಬೆಳಿಗ್ಗೆಯಿಂದ ಏಳು ಸಲ ಹೇಳಿದೆ."

"ಎಂಟು. ಬಾಯಲ್ಲಿ ಪೇಸ್ಟಿನ ನೊರೆ ಇಟ್ಕೊಂಡು ಫೋನಲ್ಲಿ ಹೇಳಿದ್ದನ್ನ ನೀನು ಎಣಿಸಿಲ್ಲ."

ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಮೀಟರಮ್ಮ. ಅಣ್ಣ ತೀರಿಕೊಂಡ ಮೇಲೆ ಗಾಡಿಗಳ ವಯರಿಂಗ್, ಬ್ಯಾಟರಿ ಕೆಲಸದ ಆ ಅಂಗಡಿಯನ್ನು ಮುಚ್ಚುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ಕರೆಂಟು ಅಳೆಯುವ ಗಂಡನ ಮೀಟರನ್ನು ಸೆರಗಿನ ಮೇಲೆ ನೇತುಹಾಕಿಕೊಂಡು ಮರುವಾರವೇ ಷಟರ್ ಎತ್ತಿದಳು. ಮೊದಮೊದಲು ಬಂದವರು "ಮೆಕ್ಯಾನಿಕ್ ಎಲ್ಲಿ?" ಎಂದು ಅವಳನ್ನೇ ಕೇಳುತ್ತಿದ್ದರು. "ಊಟಕ್ಕೆ ಹೋಗಿದಾರೆ, ಬರೋ ಅಷ್ಟರಲ್ಲಿ ನಾನೇ ನೋಡಿರ್ತೀನಿ" ಎನ್ನುತ್ತಿದ್ದಳು. ಮೆಕ್ಯಾನಿಕ್ ಊಟದಿಂದ ಬರುವ ಹೊತ್ತಿಗೆ ಗಾಡಿ ರಿಪೇರಿಯಾಗಿ ಹೋಗಿಬಿಟ್ಟಿರುತ್ತಿತ್ತು. ಈಗ ವಿಮೆ ಕಂಪನಿಯವರೂ ಸುಟ್ಟ ಗಾಡಿ, ಕದ್ದ ಗಾಡಿ ಎಂದರೆ ಅವಳನ್ನೇ ಕರೆಯುತ್ತಾರೆ. ಮನುಷ್ಯರ ಮಾತಿಗೂ ಅವಳು ಕೆಂಪು ಕಪ್ಪು ತಂತಿ ಹಚ್ಚಿ ನೋಡುತ್ತಾಳೆ ಎಂಬುದು ಬೀದಿಯ ತಮಾಷೆ.

ಇಂಥವಳು ತನ್ನ ಸ್ವಂತ ನಾದಿನಿಯ ಗಂಡನ ವಿಷಯದಲ್ಲಿ ಇಪ್ಪತ್ತೊಂದು ದಿನ ಕೈ ಕಟ್ಟಿ ಕೂತಿದ್ದಳು. "ಬರೀ ಮಾತು ಬರೆದು ಕಳಿಸಿದ್ರೆ ಅವರೂ ಮಾತಲ್ಲೇ ಉತ್ತರ ಕೊಡ್ತಾರೆ. ತಡಿ," ಅನ್ನುವುದು ಬಿಟ್ಟರೆ ಬೇರೆ ಸೊಲ್ಲಿಲ್ಲ.

ಆರೋಪ ಇಷ್ಟೇ. ಆ ಮಂಗಳವಾರ ಬಣ್ಣದ ಕಾರ್ಖಾನೆಯ ಮೋರಿಯಿಂದ ನೀರು ಹಿಡಿದು ತರಬೇಕಿತ್ತು. ಡ್ರೈವರು ಹಿಂದಿನ ಸಂಜೆ ಒಳಗಿನ ದೀಪ ಆರಿಸದೆ ಹೋದದ್ದರಿಂದ ಬ್ಯಾಟರಿ ಸತ್ತು, ಗಾಡಿ ಇಡೀ ದಿನ ಷೆಡ್ಡಿನಲ್ಲೇ ನಿಂತಿತು. ನೀರು ಹಿಡಿಯುವ ಗಡುವು ತಪ್ಪಿತು, ಕಾರ್ಖಾನೆ ಬಚಾವಾಯಿತು.

ಗಂಡ ಹೇಳುವುದೇ ಬೇರೆ. ಒಂಬತ್ತಕ್ಕೆ ಗಾಡಿ ತೊಳೆದಾಗ ಚೆನ್ನಾಗಿಯೇ ಇತ್ತು. ಸಾಹೇಬರು ಕೀ ಇಸಿದುಕೊಂಡು ಅವನನ್ನು ಊರಾಚೆಯ ಕಚೇರಿಗೆ ಫೈಲು ಕೊಟ್ಟು ಕಳಿಸಿದರು. ಒಂದು ಗಂಟೆಗೆ ಬಂದು ನೋಡಿದರೆ ಷೆಡ್ ಖಾಲಿ. ಮೂರಕ್ಕೆ ನೋಡಿದರೆ ಗಾಡಿ ಅಲ್ಲೇ ಇದೆ, ಸತ್ತಿದೆ.

"ವಿಚಾರಣಾಧಿಕಾರಿಗೆ ಬಾಯಲ್ಲೇ ಹೇಳಬಾರದಿತ್ತಾ?" ಎಂದು ಅವಳು ಕೇಳಿದ್ದಳು.

"ಅವರ ಮುಖಾನೇ ನಾನು ಕಂಡಿಲ್ಲ. ಎಲ್ಲಾ ಕಾಗದದಲ್ಲೇ ನಡೀತಿದೆ," ಅಂದಿದ್ದ ಗಂಡ.

ಎರಡೂಕಾಲಿಗೆ ಅಂಗಡಿಯ ಮುಂದೆ ಗಾಡಿ ಎಳೆಯುವ ಲಾರಿ ಉಸ್ಸೆಂದು ನಿಂತಿತು. ಬೆನ್ನ ಮೇಲೆ ಪೆಟ್ರೋಲು, ಕರೆಂಟು ಎರಡರಲ್ಲೂ ಓಡುವ ಬೂದು ಬಣ್ಣದ ಹೈಬ್ರಿಡ್ ಕಾರು. ನಾದಿನಿಯ ಕೈಯಿಂದ ಬ್ರಷ್ ಜಾರಿ ಸೋಡಾನೀರಿಗೆ ಬಿತ್ತು. ಗಂಡ ಓಡಿಸುತ್ತಿದ್ದ ಆ ಕಾರಿನ ನಂಬರನ್ನು ಅವಳು ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಬಲ್ಲಳು.

ಲಾರಿಯ ಮುಂದಿನ ಸೀಟಿನಿಂದ ಇಸ್ತ್ರಿ ಅಂಗಿಯ ಸಾಹೇಬರು ಇಳಿದರು. ಅವರನ್ನು ಅವಳು ಫೋಟೋದಲ್ಲಿ ನೋಡಿದ್ದಳು. ಅವರು ಅವಳನ್ನು ನೋಡಿರಲಿಲ್ಲ.

"ಇಲ್ಲಿ ಹೈಬ್ರಿಡ್‌ನ ಸಣ್ಣ ಬ್ಯಾಟರಿ ಸಿಗುತ್ತೆ ಅಂದ್ರು. ಮೆಕ್ಯಾನಿಕ್ ಎಲ್ಲಮ್ಮಾ?"

"ಊಟಕ್ಕೆ ಹೋಗಿದಾರೆ ಸರ್," ಅಂದಳು ಮೀಟರಮ್ಮ. "ನಾನೇ ನೋಡಿರ್ತೀನಿ."

ನಾದಿನಿ ಅತ್ತಿಗೆಯ ಮುಖ ನೋಡಿದಳು. ರೆಪ್ಪೆ ಕೂಡ ಅಲುಗಲಿಲ್ಲ.

"ಷೋರೂಮಿನವರು ಹತ್ತು ದಿನ ಅಂತಾರೆ. ನಾಳೆ ಒಂಬತ್ತಕ್ಕೆ ಕೇಂದ್ರ ಕಚೇರಿಯ ನಿರ್ದೇಶಕರು ಬರ್ತಾರೆ, ಈ ಗಾಡೀಲೇ ಓಡಾಡಬೇಕು. ಒಳಗಿರೋ ಥರದ್ದೇ ಒಂದು ಬಿಸಾಕಿ, ಬೇಗ."

"ಬಿಸಾಕೋಕೆ ಆಗಲ್ಲ ಸರ್. ಅಳತೆ ನೋಡಿ ಇಡಬೇಕು. ತಾಯಿ, ಕಾರ್ಡ್ ತಗೋ."

ಜಾಬ್ ಕಾರ್ಡ್ ಬರೆಯುವುದು ನಾದಿನಿಯ ಕೆಲಸ. ಬೇರೆ ಅಂಗಡಿಗಳಲ್ಲಿ ಕಾರ್ಡಿನ ಮೇಲೆ ಒಂದು ಸಾಲು ಗೀಚಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಗಿರಾಕಿ ಹೇಳಿದ್ದು ಒಂದು ಕಡೆ, ಕಣ್ಣು ಕಂಡದ್ದು ಇನ್ನೊಂದು ಕಡೆ, ಎರಡನ್ನೂ ಬಿಡಿಸಿ ಬರೆಯಬೇಕು. ಕೆಳಗೆ ಗಿರಾಕಿಯ ರುಜು. ಒಳಗೆ ಕಾರ್ಬನ್ ಹಾಳೆ. "ಕಂಡದ್ದನ್ನ ಬರಿ, ಅದರ ಅರ್ಥ ಬರೀಬೇಡ. ಅರ್ಥಕ್ಕೇನು ಅವಸರ," ಎಂದು ಮೊದಲ ದಿನವೇ ಪಾಠವಾಗಿತ್ತು.

"ಗಾಡಿ ಕೆಟ್ಟ ದಿನ ಬ್ಯಾಟರಿ ಯಾರು ನೋಡಿದ್ರು ಸರ್?"

"ನಾನೇ. ಬೆಳಿಗ್ಗೆ ಹನ್ನೊಂದಕ್ಕೆ ಡಿಕ್ಕಿ ತೆಗೆದು ನೋಡಿದೆ. ಪೂರ್ತಿ ಸತ್ತಿತ್ತು. ಡ್ರೈವರ್ ದೀಪ ಆರಿಸದೆ ಹೋಗಿದ್ದ, ದಂಡಪಿಂಡ."

ನಾದಿನಿಯ ಪೆನ್ನು ಹಾಳೆಯಲ್ಲಿ ತೂತು ಮಾಡಿತು. ಆ ವಾಕ್ಯ ಅವಳಿಗೆ ಬಾಯಿಪಾಠ. ಆರೋಪಪಟ್ಟಿಯ ಮೂರನೇ ಪ್ಯಾರಾ.

"ಡಿಕ್ಕಿ ಬಟನ್ ಒತ್ತಿ ತೆಗೆದ್ರಾ?"

"ಮತ್ತೆ? ಹಾರೆ ಹಾಕಿ ತೆಗೀತಾರಾ?"

"ಅದೂ ಸರಿ. ಬರ್ಕೋ ತಾಯಿ, ಹನ್ನೊಂದಕ್ಕೆ, ಬಟನ್ ಒತ್ತಿ. ಈಗಲೂ ಒಂದ್ಸಲ ತೆಗೆದುಬಿಡಿ ಸರ್."

ಲಾರಿಯಿಂದ ಇಳಿಸಿದ್ದ ಗಾಡಿಯ ಹಿಂದೆ ಹೋಗಿ ಸಾಹೇಬರು ಡಿಕ್ಕಿಯ ಬಟನ್ ಒತ್ತಿದರು. ಸದ್ದಿಲ್ಲ. ಮತ್ತೊಮ್ಮೆ ಒತ್ತಿದರು. ಮೂರನೇ ಸಲ ಹೆಬ್ಬೆರಳು ಬಿಳಿಚುವಂತೆ ಒತ್ತಿದರು.

"ಹಠ ಮಾಡ್ತಿದೆ ಪಾಪ," ಅಂದಳು ಮೀಟರಮ್ಮ. ಅವರ ಕೈಯಿಂದ ರಿಮೋಟು ಇಸಿದುಕೊಂಡು, ಅದರ ಹೊಟ್ಟೆಯಲ್ಲಿ ಅಡಗಿದ್ದ ಉಕ್ಕಿನ ಕೀ ಎಳೆದು, ಡ್ರೈವರ್ ಬಾಗಿಲು ತೆಗೆದಳು. ಬಾನೆಟ್ಟಿನ ಹಿಡಿ ಎಳೆದಳು. ಇಂಜಿನ್ನಿನ ಪಕ್ಕದ ಕೆಂಪು ಮುಚ್ಚಳದಡಿ ತನ್ನ ಚಾರ್ಜಿನ ಪೆಟ್ಟಿಗೆಯ ತಂತಿ ಕಚ್ಚಿಸಿದಳು. ಗಾಡಿಯೊಳಗೆ ಪಿಣ್ಣನೆ ಏನೋ ಎಚ್ಚರವಾಯಿತು. "ಈಗ ಒತ್ತಿ ಸರ್."

ಡಿಕ್ಕಿ ಟಕ್ಕನೆ ತೆರೆಯಿತು.

ಸಾಹೇಬರ ಫೋನು ಅದೇ ಹೊತ್ತಿಗೆ ರಿಂಗಾಯಿತು. ಅವರು ಅತ್ತ ತಿರುಗಿ ನಾಳೆಯ ಊಟ, ಕುರ್ಚಿ, ಮೈಕು ಎಂದು ಜೋರಾಗಿ ಮಾತಿಗಿಳಿದರು. ಬಟನ್ನಿನ ವಿಷಯ ಅವರ ತಲೆಗೆ ಹೋಗಲೇ ಇಲ್ಲ. ನಾದಿನಿಯ ತಲೆಗೆ ಹೋಯಿತು. ಕಾರ್ಡಿನ 'ಕಂಡದ್ದು' ಕಡೆ ಅವಳು ದುಂಡಗೆ ಬರೆದಳು: ಬ್ಯಾಟರಿ ಸತ್ತಿರುವಾಗ ಬಟನ್ನಿಗೆ ಡಿಕ್ಕಿ ತೆರೆಯಲಿಲ್ಲ. ಮೂರು ಸಲ ಒತ್ತಲಾಯಿತು.

ಅರ್ಥ ಬರೆಯಬಾರದು ಎಂದು ಕೈಯನ್ನು ತಡೆದಳು.

ಡಿಕ್ಕಿಯ ಬಲಮೂಲೆಯ ಹೊದಿಕೆ ಸರಿಸಿ ಮೀಟರಮ್ಮ ತಲೆ ಬಗ್ಗಿಸಿದಳು. ಎಷ್ಟೋ ಹೊತ್ತು ಹಾಗೇ ಇದ್ದಳು. ಅವಳು ನೋಡುವ ರೀತಿಯೇ ಬೇರೆ. ನಾದಿನಿ ಅದನ್ನು ಎಷ್ಟು ಸಲ ಕಂಡರೂ ದಣಿಯಳು. ಮೊದಲು ಮುಟ್ಟುವುದಿಲ್ಲ. ಮೂಸುತ್ತಾಳೆ. ಆಮೇಲೆ ಕಣ್ಣಿನಿಂದ ಸುತ್ತ ಒಂದು ಗೆರೆ ಎಳೆಯುತ್ತಾಳೆ. ಕೊನೆಗೆ ಎರಡೇ ಬೆರಳು ಇಡುತ್ತಾಳೆ, ಮಗುವಿನ ಹಣೆಗೆ ಇಟ್ಟ ಹಾಗೆ.

"ಬರ್ಕೋ. ಮೇಲೆ ನೀರು ಹಾಕೋ ಮುಚ್ಚಳ ಆರು. ಗಾಳಿ ಹೋಗೋ ಕೊಳವೆಗೆ ತೂತಿಲ್ಲ. ಗಾಡಿಯ ಕೊಳವೆ ಕಂಬಳಿ ಕೆಳಗೆ ಮಡಚಿ ತುರುಕಿದೆ."

ಬರೆದಳು.

"ತಟ್ಟೆಯ ಮೇಲಿನ ಧೂಳಿನ ಗುರುತು ಬ್ಯಾಟರಿಗಿಂತ ನಾಲ್ಕು ಬೆರಳು ಉದ್ದ. ಸಂದಿಯಲ್ಲಿ ರಟ್ಟು. ತಂತಿಯ ಹಿಡಿಗಳನ್ನ ಸ್ಕ್ರೂಡ್ರೈವರಿನಿಂದ ಅಗಲಿಸಿದ ಗೀರು, ಹೊಳೀತಿದೆ, ಹೊಸದು. ತಂತಿ ಕಚ್ಚಿಸೋ ಕಂಬ ಇದರದ್ದು ದಪ್ಪ, ಹಿಡಿ ಸಣ್ಣದು."

ದಪ್ಪ ಕೈಗೆ ಸಣ್ಣ ಬಳೆ ತೊಡಿಸಿದ ಹಾಗೆ, ಎಂದು ನಾದಿನಿ ಮನಸ್ಸಿನಲ್ಲೇ ಅಂದುಕೊಂಡಳು. ಬರೆಯಲಿಲ್ಲ.

ಮೀಟರಮ್ಮ ಬ್ಯಾಟರಿ ಬಿಚ್ಚಿ ಮೀಟರ್ ಹಚ್ಚಿದಳು. ಹನ್ನೆರಡು ಇರಬೇಕಾದಲ್ಲಿ ಎರಡು ವೋಲ್ಟೂ ಇಲ್ಲ. ಆರು ಮುಚ್ಚಳ ತೆಗೆದು ಟಾರ್ಚ್ ಬಿಟ್ಟಳು. ಒಳಗೆ ಒಂದು ತೊಟ್ಟು ನೀರಿಲ್ಲ, ತಗಡುಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ. "ಮೂರು ವಾರದ ಸಾವಲ್ಲ ಇದು," ಎಂದು ತನ್ನಷ್ಟಕ್ಕೇ ಗೊಣಗಿದಳು. ಎರಡೂ ಕೈಯಲ್ಲಿ ಎತ್ತಿ ಬೆಂಚಿಗೆ ತಂದು, ಮಗ್ಗುಲಿಗೆ ಮಲಗಿಸಿ, ತಳ ನೋಡಿದಳು.

ಅಲ್ಲಿ ಅವಳ ಕೈ ಒಂದು ಗಳಿಗೆ ನಿಂತಿತು. ಅಷ್ಟೇ.

"ತಳದಲ್ಲಿ ಒಂದು ಚುಕ್ಕೆ, ಮೆರೂನ್ ಬಣ್ಣ. ಮೊಳೆಯಲ್ಲಿ ಕೊರೆದ ನಂಬರು ನಾನೂರ ಹದಿನೇಳು. ಬರ್ಕೊಂಡೆಯಾ?"

ನಾದಿನಿ ಬರೆಯುತ್ತಲೇ ತಳದತ್ತ ಬಗ್ಗಿ ನೋಡಿದಳು. ಆ ಮೆರೂನ್ ಅವಳದೇ ಉಗುರುಬಣ್ಣ. ತಾವು ಮಾರಿದ ಪ್ರತಿ ಬ್ಯಾಟರಿಯ ತಳಕ್ಕೂ ಮೊಳೆಯಿಂದ ನಂಬರ್ ಕೊರೆದು, ಮೇಲೊಂದು ಚುಕ್ಕೆ ಇಡುವುದು ಈ ಅಂಗಡಿಯ ಪದ್ಧತಿ. ಗ್ಯಾರಂಟಿಗೆ ಬಂದವರು ಬೇರೆ ಬ್ಯಾಟರಿ ತಂದು ಟೋಪಿ ಹಾಕದಿರಲಿ ಅಂತ. ತಳ ತಿರುಗಿಸಿ ನೋಡುವ ಗಿರಾಕಿ ಇವತ್ತಿನವರೆಗೆ ಹುಟ್ಟಿಲ್ಲ.

"ಏನಮ್ಮಾ, ಬ್ಯಾಟರಿ ಹಾಕ್ತೀರೋ ಜಾತಕ ಬರೀತೀರೋ?" ಸಾಹೇಬರು ಫೋನಿಗೆ ಕೈ ಮುಚ್ಚಿ ಕೂಗಿದರು.

"ಇದೋ ಆಯ್ತು ಸರ್."

ಬೆಂಚಿನ ಮೇಲೆ ಮೂರು ಹೊಸ ಬ್ಯಾಟರಿ ಇಟ್ಟಳು. ಸಾಹೇಬರು ಹತ್ತಿರ ಬಂದು ಎಲ್ಲಕ್ಕಿಂತ ದೊಡ್ಡದನ್ನು ಬೆರಳಲ್ಲಿ ತಟ್ಟಿದರು. "ಇದನ್ನೇ ಹಾಕಿ. ಪವರ್ ಜಾಸ್ತಿ ಇರಲಿ."

"ಪವರ್ ಇದರ ಕೆಲಸ ಅಲ್ಲ ಸರ್. ಗಾಡಿ ಓಡಿಸೋ ಶಕ್ತಿಯೆಲ್ಲ ಗಾಡಿಯೊಳಗೇ ಇರೋ ಬೇರೆ ದೊಡ್ಡ ಬ್ಯಾಟರೀಲಿದೆ. ಆದ್ರೆ ಅದನ್ನ ಎಬ್ಬಿಸೋದು ಇದು. ಮನೆ ತುಂಬ ದೀಪ ಇದ್ರೂ ಸ್ವಿಚ್ ಒತ್ತೋಕೆ ಒಂದು ಬೆರಳು ಬೇಕಲ್ವಾ? ಇದು ಆ ಬೆರಳು. ಸಣ್ಣದಾದ್ರೂ ಅದೇ ಕೈದಾಗಿರಬೇಕು."

"ಸರಿ, ಇದು?" ಎರಡನೆಯದನ್ನು ತೋರಿಸಿದರು. "ಅಳತೆ ಅಷ್ಟೇ ಇದೆಯಲ್ಲ."

"ಅಳತೆ ಅಷ್ಟೇ. ಕಂಬ ಉಲ್ಟಾ. ಕೂಡೋದು ಕಳೆಯೋದು ಅದಲುಬದಲಾದ್ರೆ ಗಾಡಿಯ ಮಿದುಳೇ ಸುಟ್ಟುಹೋಗುತ್ತೆ."

ಮೂರನೆಯದನ್ನು ಎತ್ತಿದಳು. ಅದನ್ನು ಎತ್ತುವಾಗ ಅವಳ ಮುಖದಲ್ಲಿ ಒಂದು ಬಗೆಯ ಪ್ರೀತಿ ಇತ್ತು. "ಇದಕ್ಕೆ ನೀರು ಹಾಕೋ ಮುಚ್ಚಳವೇ ಇಲ್ಲ, ಆಸಿಡ್ಡನ್ನೆಲ್ಲ ಒಳಗೆ ಗಾಜಿನ ಹತ್ತಿ ಹೀರಿಕೊಂಡಿರುತ್ತೆ. ಯಾಕೆ ಅಂದ್ರೆ ಈ ಬ್ಯಾಟರಿ ಕೂರೋದು ಇಂಜಿನ್ ಹತ್ರ ಅಲ್ಲ, ಜನ ಕೂತಿರೋ ಕೋಣೇಲಿ. ಇಲ್ಲಿ ನೋಡಿ, ಕೊಳವೆಯ ತೂತು. ಒಳಗೆ ಏನಾದ್ರೂ ಗಾಳಿ ಹುಟ್ಟಿದ್ರೆ ಇದರಿಂದ ಹೊರಗೆ ಹೋಗುತ್ತೆ. ಹಿಂದೆ ಕೂತ ನಿಮ್ಮ ನಿರ್ದೇಶಕರ ಮೂಗಿಗಲ್ಲ."

ಸಾಹೇಬರಿಗೆ ನಗು ಬಂತು. "ಪರವಾಗಿಲ್ಲ, ಬಲ್ಲಿರಿ."

ಅವಳು ಅದನ್ನು ತಟ್ಟೆಯಲ್ಲಿ ಇಟ್ಟಳು. ಧೂಳಿನ ಗುರುತಿನ ಮೇಲೆ ಗೆರೆಗೆ ಗೆರೆ ಕೂತಿತು. ಕೊಳವೆ ಚುಚ್ಚಿದಳು. ಅಗಲಿಸಿದ್ದ ಹಿಡಿಗಳನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಮೊದಲಿನಂತೆ ಮಾಡಿ ಬಿಗಿದಳು. ಸ್ವಿಚ್ ಒತ್ತಿದಾಗ ಗಾಡಿಯ ಮುಖದ ಮೇಲೆ ಹಸಿರು ಅಕ್ಷರ ಹೊತ್ತಿತು. ಸದ್ದೇ ಇಲ್ಲ. ಮೂರು ವಾರ ಒಬ್ಬ ಮನುಷ್ಯನ ಅನ್ನ ತಡೆದು ನಿಲ್ಲಿಸಿದ್ದ ಗಾಡಿ, ಹತ್ತು ನಿಮಿಷದಲ್ಲಿ ಎದ್ದು ಕೂತಿತು.

"ಇಲ್ಲಿ ರುಜು ಹಾಕಿ ಸರ್. ಹಳೇದು ನಮಗೆ ಬಿಡ್ತೀರಾ?"

"ಬೇಡ ಬೇಡ. ಹಳೇದು ನನಗೆ ಬೇಕು. ಅದು ಕೇಸಿನ ಸಾಕ್ಷಿ." ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕಾರ್ಡನ್ನು ಓದದೆ ಎರಡು ಕಡೆ ರುಜು ಹಾಕಿದರು. ಕೆಳಗಿನ ಪ್ರತಿ ಹರಿದುಕೊಂಡರು. ಜೇಬಿಗಿಡಲು ಮಡಚುವಾಗ ಕಣ್ಣು ಅದರ ಮೇಲೆ ಬಿತ್ತು.

ಮಡಚುವ ಕೈ ನಿಂತಿತು. ಫೋನಿಗೆ "ಆಮೇಲೆ ಮಾಡ್ತೀನಿ" ಅಂದರು.

"ಈ ಅಕ್ಷರ ನಾನು ಎಲ್ಲೋ ನೋಡಿದೀನಿ."

ನಾದಿನಿ ಪೆನ್ನಿಗೆ ಮುಚ್ಚಳ ಹಾಕಿದಳು.

"ರಜೆ ಅರ್ಜಿ," ಅಂದರು. "ಹನ್ನೆರಡು ವರ್ಷದಿಂದ ನಮ್ಮ ಡ್ರೈವರಿನ ರಜೆ ಅರ್ಜಿಯೆಲ್ಲ ಇದೇ ಅಕ್ಷರ. ನೀವು..."

"ಅವರ ಹೆಂಡತಿ," ಅಂದಳು ನಾದಿನಿ. "ದಂಡಪಿಂಡದ ಹೆಂಡತಿ."

ಸಾಹೇಬರು ಕಾರ್ಡನ್ನು ಈಗ ಓದಿದರು. ಮೊದಲಿಂದ ಕೊನೆಯವರೆಗೆ. ಇಸ್ತ್ರಿ ಅಂಗಿಯ ಕತ್ತಿನ ಪಟ್ಟಿ ಒದ್ದೆಯಾಗುತ್ತ ಬಂತು.

"ಆ ಕಾರ್ಡು ಕೊಡಿ ಇಲ್ಲಿ."

"ನಿಮ್ಮ ಪ್ರತಿ ನಿಮ್ಮ ಕೈಲೇ ಇದೆಯಲ್ಲ ಸರ್," ಅಂದಳು ಮೀಟರಮ್ಮ, ಕೈ ಒರೆಸಿಕೊಳ್ಳುತ್ತ. "ಇದು ಅಂಗಡಿದು."

"ಇದೆಲ್ಲ ಏನು? ಮುಚ್ಚಳ, ಕೊಳವೆ, ಬಟನ್ನು... ನೀವು ಬರೆದದ್ದಕ್ಕೆ ನಾನು ಜವಾಬ್ದಾರನಲ್ಲ."

"ಬರೆದದ್ದೆಲ್ಲ ನಿಮ್ಮ ಕಣ್ಣೆದುರಿಗೇ ಕಂಡದ್ದು. ಹನ್ನೊಂದು ಗಂಟೆಗೆ ಬ್ಯಾಟರಿ ಸತ್ತಿತ್ತು, ಡಿಕ್ಕಿ ಬಟನ್ನಿಗೆ ತೆರೀತು ಅಂದ್ರಿ. ಎರಡರಲ್ಲಿ ಒಂದು ಆಗಿರಬಹುದು ಸರ್. ಎರಡೂ ಆಗೋಕೆ ಈ ಗಾಡಿ ಬಿಡಲ್ಲ. ಇನ್ನು ಈ ಹಳೇದು," ಎಂದು ಬೆಂಚಿನತ್ತ ಗದ್ದ ಚಾಚಿ ತೋರಿಸಿದಳು, "ಈ ಗಾಡೀಲಿ ಒಂದು ದಿನವೂ ಬದುಕಿದ್ದಲ್ಲ. ಹೆಣವಾದ ಮೇಲೇ ಒಳಗೆ ಬಂದಿದೆ."

ಮೇಜಿನ ಅರ್ಧ ತೆರೆದ ಡ್ರಾಯರಿನತ್ತ ಸಾಹೇಬರ ನೋಟ ಹೋಯಿತು. ಕಂದು ಕವರಿನ ಮೇಲೆ ಅದೇ ದುಂಡು ಅಕ್ಷರದಲ್ಲಿ ವಿಚಾರಣಾಧಿಕಾರಿಯ ವಿಳಾಸ.

ಅದನ್ನು ಓದಿದ್ದೇ ತಡ, ಅವರ ಭುಜ ಸಡಿಲವಾಯಿತು. ನಾದಿನಿ ಅದನ್ನು ಸ್ಪಷ್ಟವಾಗಿ ಕಂಡಳು. ಹೆದರಿದವನ ಮುಖದ ಮೇಲೆ ನಗು ಬಂದಿತ್ತು.

"ಹಾಕಿ," ಅಂದರು. "ಕಾಗದ ಖಂಡಿತ ಹಾಕಿ. ಯಾರಿಗೆ ಬರೆದಿದೀರೋ ಅವರಿಗೇ ಹಾಕಿ. ನನ್ನದೇನೂ ಅಡ್ಡಿಯಿಲ್ಲ."

ಹಳೇ ಬ್ಯಾಟರಿಯನ್ನು ತಾವೇ ತಬ್ಬಿಕೊಂಡು ಡಿಕ್ಕಿಯಲ್ಲಿಟ್ಟುಕೊಂಡು ಹೊರಟರು. ಅಂಗಿಯ ಎದೆಗೆ ಕಿಲುಬಿನ ಹಸಿರು ಮೆತ್ತಿತ್ತು.

"ಅತ್ತಿಗೆ! ಬ್ಯಾಟರಿ ಬಿಟ್ಟುಬಿಟ್ರಲ್ಲ!"

"ಅವರ ವಸ್ತು, ಅವರು ತಗೊಂಡು ಹೋದ್ರು. ನಮಗೆ ಬೇಕಾದ್ದು ಕಾರ್ಡಿನಲ್ಲಿದೆ, ಕೆಳಗೆ ಅವರ ರುಜು ಇದೆ." ಮೀಟರಮ್ಮ ಸ್ಟೂಲಿನ ಮೇಲೆ ಕೂತು ಮಂಡಿ ಒತ್ತಿಕೊಂಡಳು. "ಅಬ್ಬಾ. ಆ ಮೂರನೇ ಬ್ಯಾಟರಿ ತರಿಸಿ ಇಟ್ಟು ಇವತ್ತಿಗೆ ಹತ್ತೊಂಬತ್ತು ದಿನ."

ನಾದಿನಿ ತಿರುಗಿ ನೋಡಿದಳು.

"ಸತ್ತ ಗಾಡಿ ಎಷ್ಟು ದಿನ ನಿಲ್ಲುತ್ತೆ? ಒಂದಲ್ಲ ಒಂದು ದಿನ ಬ್ಯಾಟರಿ ಬೇಕೇ ಬೇಕು. ಆ ಅಳತೆದು ಈ ಊರಲ್ಲಿ ಯಾರ ಹತ್ರಾನೂ ಇಲ್ಲ. ಒಂದು ತರಿಸಿ ಇಟ್ಟೆ. ಷೋರೂಮಿನ ಬಿಡಿಭಾಗದವನಿಗೆ ಹೇಳಿದ್ದೆ, ಯಾರಾದ್ರೂ ಅವಸರ ಮಾಡಿದ್ರೆ ನನ್ನ ಹತ್ರ ಇದೆ ಅಂತ ಹೇಳಪ್ಪಾ ಅಂತ. ನಿನಗೆ ಹೇಳಿದ್ರೆ ನೀನು ದಿನಾ ಬೀದಿ ತುದೀಲಿ ಹೋಗಿ ನಿಂತ್ಕೋತಿದ್ದೆ."

ನಾದಿನಿಗೆ ಇಪ್ಪತ್ತೊಂದು ದಿನ ಇವಳನ್ನು ಮನಸ್ಸಿನಲ್ಲಿ ಬೈದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಗಟ್ಟಿಯಾಗಿ ಬೈದದ್ದೂ ಬಂತು. ಕೈ ಕಟ್ಟಿ ಕೂತಿದ್ದಾಳೆ ಎಂದುಕೊಂಡಿದ್ದಳು. ಇವಳು ಕೂತಲ್ಲೇ ಇಡೀ ಊರಿನ ಬ್ಯಾಟರಿಗಳನ್ನು ಎಣಿಸಿ, ಕಳ್ಳ ತಾನಾಗಿಯೇ ಲಾರಿ ಬಾಡಿಗೆ ಕೊಟ್ಟು ಬಾಗಿಲಿಗೆ ಬರುವ ದಾರಿ ಹಾಸಿ ಕಾದಿದ್ದಳು.

"ಅಳೋದು ಆಮೇಲೆ. ಮೂರು ಗಂಟೆ ಐದು. ಪುಸ್ತಕ ತೆಗಿ."

ಬ್ಯಾಟರಿ ಪುಸ್ತಕದಲ್ಲಿ ನಂಬರು, ದಿನ, ಯಾರ ಗಾಡಿಗೆ, ಯಾರು ಒಯ್ದರು ಎಂಬ ನಾಲ್ಕು ಕಾಲಮ್ಮು. ನಾನೂರ ಹದಿನೇಳು ಸಿಕ್ಕಿತು. ಎರಡೂವರೆ ವರ್ಷದ ಹಿಂದಿನದು. ಆ ಪುಟ ನಾದಿನಿಯ ಅಕ್ಷರವಲ್ಲ, ಏಡಿ ನಡೆದಂಥ ಅಕ್ಷರ. ಆ ಹದಿನೈದು ದಿನ ಮೀಟರಮ್ಮ ಕೈ ಮುರಿದುಕೊಂಡು ಮನೆಯಲ್ಲಿದ್ದಳು, ನಾದಿನಿ ಅವಳ ಆರೈಕೆಯಲ್ಲಿ. ಅಂಗಡಿ ನೋಡಿಕೊಂಡವನು ಪಕ್ಕದ ಟೈರಿನವನು. ಪಾಪ, ಪದ್ಧತಿ ತಪ್ಪಿಸಿರಲಿಲ್ಲ.

ಯಾರ ಗಾಡಿಗೆ ಎಂಬ ಕಾಲಮ್ಮಿನಲ್ಲಿ ಒಂದು ಹುದ್ದೆ, ಒಂದು ಮನೆ ವಿಳಾಸ.

ನಾದಿನಿ ಡ್ರಾಯರಿನ ಕವರನ್ನು ತೆಗೆದು ಪಕ್ಕದಲ್ಲಿಟ್ಟಳು. ಹುದ್ದೆ ಅದೇ. ಮನೆಯಲ್ಲೇ ವಿಚಾರಣೆ ನಡೆಸುವ ಆ ದೊಡ್ಡ ಮನುಷ್ಯನ ವಿಳಾಸವೂ ಅಕ್ಷರಕ್ಕೆ ಅಕ್ಷರ ಅದೇ.

"ವಿಚಾರಣಾಧಿಕಾರಿ," ಎಂದು ಪಿಸುಗುಟ್ಟಿದಳು. "ಅವರ ಗಾಡಿಯ ಸತ್ತ ಬ್ಯಾಟರಿ."

"ಅದಕ್ಕೇ ಆ ನಗು," ಅಂದಳು ಮೀಟರಮ್ಮ. "ಅವತ್ತು ಷೆಡ್ ಖಾಲಿ ಇದ್ದಾಗ ಸಾಹೇಬರು ಇವರ ಮನೆಗೇ ಹೋಗಿ ಇದನ್ನ ತಂದಿರಬೇಕು. ಈ ಕಾಗದ ಮೂರು ವಾರದ ಹಿಂದೆ ಅಲ್ಲಿಗೆ ಹೋಗಿದ್ರೆ ಅವರ ಒಲೆಗೆ ಬೀಳ್ತಿತ್ತು. ಬೇರೆ ಕವರ್ ತಗೋ. ನೋಟೀಸಿನಲ್ಲಿ ಏನಿದೆ, 'ವಿಚಾರಣಾಧಿಕಾರಿಗೆ ಅಥವಾ ಅವರ ಮೇಲಿನವರಿಗೆ' ಅಂತ ತಾನೆ? ಮೇಲಿನವರಿಗೇ ಬರಿ. ಕೇಂದ್ರ ಕಚೇರಿ, ನಿರ್ದೇಶಕರು."

ನಾದಿನಿ ಬರೆಯಲು ಬಗ್ಗಿದಳು. ಆಗ ಅವಳ ಕಣ್ಣು ಪುಟದ ಕೊನೆಯ ಕಾಲಮ್ಮಿಗೆ ಹೋಯಿತು. ಯಾರು ಒಯ್ದರು.

ಅಲ್ಲೊಂದು ರುಜು. ಮೊದಲ ಅಕ್ಷರದ ಬಾಲವನ್ನು ಕೆಳಗೆ ಎಳೆದು ಮೀನಿನಂತೆ ತಿರುವಿದ ರುಜು. ಹನ್ನೆರಡು ವರ್ಷ ರಜೆ ಅರ್ಜಿ ಬರೆದು, ಕೆಳಗೆ ಗಂಡ ಆ ಮೀನು ಹಾಕಲು ಜಾಗ ಬಿಟ್ಟವಳು ಅವಳು.

ಅವರ ಮುಖಾನೇ ನಾನು ಕಂಡಿಲ್ಲ.

ಮೀಟರಮ್ಮನಿಗೂ ಆ ರುಜು ಕಂಡಿತ್ತು. ಅವಳು ಬೇರೆ ಕಡೆ ನೋಡುತ್ತ, ಸೋಡಾನೀರಿನಿಂದ ಬ್ರಷ್ ಎತ್ತಿ ಕೊಡವಿದಳು. "ಸಾಹೇಬರು ಹೇಳಿದ್ರು ಅಂತ ತಂದುಕೊಟ್ಟಿರಬಹುದು, ಮರೆತಿರಬಹುದು. ಬೇರೆ ಏನೋ ಇರಬಹುದು. ನನಗೆ ಗೊತ್ತಿಲ್ಲ. ಅವನ ನೌಕರಿ ಉಳಿಯೋಕೆ ಜಾಬ್ ಕಾರ್ಡ್ ಒಂದೇ ಸಾಕು. ಈ ಪುಟದ ಜೆರಾಕ್ಸ್ ಹಾಕದಿದ್ರೆ ವಿಚಾರಣಾಧಿಕಾರಿ ತಪ್ಪಿಸಿಕೊಳ್ತಾನೆ. ಹಾಕಿದ್ರೆ ನಿನ್ನ ಗಂಡನನ್ನೂ ಕೇಳ್ತಾರೆ. ಕಾಗದ ನಿಮ್ಮದು ತಾಯಿ. ನಾನು ಹೇಳಲ್ಲ."

ಆ ಮಾತಿಗೆ ನಾದಿನಿಗೆ ಅತ್ತಿಗೆಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಿಚ್ಚಿ ತೋರಿಸಿ ಕೈಗೆ ಕೊಟ್ಟು, ಆಮೇಲೆ ಸುಮ್ಮನಿರುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮೂಲೆಯ ಜೆರಾಕ್ಸ್ ಅಂಗಡಿಗೆ ನಡೆದಳು.

ಅಂಚೆ ಕಚೇರಿಯ ಸಾಲಿನಲ್ಲಿ ಅವಳ ಮುಂದೆ ಇಬ್ಬರಿದ್ದರು. ಒಬ್ಬಳು ಮಗನಿಗೆ ಸ್ವೆಟರ್ ಕಳಿಸುತ್ತಿದ್ದಳು, ಇನ್ನೊಬ್ಬ ಮುದುಕ ಅಂಟು ಹಚ್ಚಿ ಹಚ್ಚಿ ಬೆರಳನ್ನೇ ಕವರಿಗೆ ಅಂಟಿಸಿಕೊಂಡಿದ್ದ. ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ. ನಿರ್ದೇಶಕರಿಗೆ ಬರೆದ ಅವಳ ಕವರ್ ದಪ್ಪವಾಗಿತ್ತು. ಉತ್ತರ, ಕಾರ್ಡು, ಇನ್ನೊಂದು ಹಾಳೆ. ಆ ಇನ್ನೊಂದು ಹಾಳೆಯನ್ನು ಅವಳು ದಾರಿಯಲ್ಲಿ ಎರಡು ಸಲ ಹೊರಗೆ ತೆಗೆದು ಎರಡು ಸಲ ಒಳಗಿಟ್ಟಿದ್ದಳು. ಬಾಯಿ ಇನ್ನೂ ಅಂಟಿಸಿರಲಿಲ್ಲ.

ಫೋನ್ ರಿಂಗಾಯಿತು. ಗಂಡ.

"ಎಲ್ಲಿದ್ದೀಯ?"

"ಅಂಚೆ ಕಚೇರೀಲಿ ರೀ. ಸಾಕ್ಷಿ ಸಿಕ್ಕಿತು. ನಿಮ್ಮದೇನೂ ತಪ್ಪಿಲ್ಲ ಅಂತ ಸಾಹೇಬರ ರುಜೂನೇ ಇದೆ."

ಅತ್ತ ಕಡೆ ಖುಷಿಯ ದನಿಗೆ ಕಾದಳು.

"ಹಾಕಬೇಡ," ಅಂದ ಗಂಡ.

"ಏನಂದ್ರಿ?"

"ಕಾಗದ ಹಾಕಬೇಡ. ಸಾಹೇಬರು ಈಗ ಮನೆಗೆ ಬಂದಿದಾರೆ. ಇಲ್ಲೇ ಕೂತಿದಾರೆ. ಹಳೇ ಬ್ಯಾಟರೀನ ಹೊಸಿಲ ಮೇಲೆ ಇಟ್ಟಿದಾರೆ. ನೀನು ಬಾ, ಎಲ್ಲಾ ಹೇಳ್ತೀನಿ. ಮೊದಲು ಮನೆಗೆ ಬಾ."

ಸ್ವೆಟರಿನವಳು ಹೋದಳು. ಮುದುಕ ಬೆರಳು ಬಿಡಿಸಿಕೊಂಡು ಪಕ್ಕಕ್ಕೆ ಸರಿದ.

"ಆ ಅಧಿಕಾರಿಯ ಮುಖ ನೀವು ನಿಜವಾಗ್ಲೂ ಕಂಡಿಲ್ವಾ?" ಎಂದು ಕೇಳಿದಳು.

ಫೋನಿನೊಳಗೆ, ಅವಳದೇ ಮನೆಯಲ್ಲಿ, ಸಾಹೇಬರು ಕೆಮ್ಮಿದ್ದು ಕೇಳಿಸಿತು.

"ಕೊಡೀಮ್ಮಾ, ಮುಚ್ಚೋ ಹೊತ್ತಾಯ್ತು," ಎಂದಳು ಕಿಟಕಿಯಾಚೆಯ ಗುಮಾಸ್ತೆ.

ನಾದಿನಿ ಫೋನನ್ನು ಎಡಗೈಯಲ್ಲಿ ಹಿಡಿದೇ ಇದ್ದಳು. ಬಲಗೈಯಿಂದ ಹಾಳೆಗಳನ್ನು ಎಣಿಸಿದಳು. ಉತ್ತರ, ಕಾರ್ಡು, ಮೀನಿನ ರುಜುವಿನ ಪುಟ. ಕಂಡದ್ದು ಅಷ್ಟೂ ಇತ್ತು. ಕವರಿನ ಬಾಯಿಗೆ ಅಂಟು ಸವರಿ, ಕಟ್ಟೆಯ ಮೇಲಿಟ್ಟು, ಅಂಗೈಯಿಂದ ಗಟ್ಟಿಯಾಗಿ ಒತ್ತಿದಳು.

"ಹಲೋ? ಹಾಕಿಲ್ಲ ತಾನೆ? ಹಲೋ?" ಎಂದು ಎಡಗೈ ಕೂಗುತ್ತಿತ್ತು.

ಅವಳು ಕವರನ್ನು ಕಿಟಕಿಯೊಳಗೆ ತಳ್ಳಿದಳು. ಗುಮಾಸ್ತೆ ತೂಗಿದಳು, ಚೀಟಿ ಅಂಟಿಸಿದಳು, ಮುದ್ರೆ ಎತ್ತಿ ಧಡ್ ಎಂದು ಇವತ್ತಿನ ದಿನಾಂಕ ಹೊಡೆದು, ಹಿಂದೆ ತಿರುಗಿ ನೋಡದೆಯೇ ಚೀಲಕ್ಕೆ ಎಸೆದಳು.